ಅಂಬಾಸಿಡರ್‌ನ ಹೊಗೆ ಎಲ್ಲಿಗೆ ಹೋಗುತ್ತಿತ್ತು?

ಅಂಬಾಸಿಡರ್ ನೆನಪು ಅಂದಕೂಡಲೇ ಎಲ್ಲರೂ ಅದರ ಸೋಫಾದಂಥ ಸೀಟು, ಹತ್ತು ಮಂದಿ ಕೂತು ಮದುವೆಗೆ ಹೋಗಿದ್ದು, ಸ್ಟಿಯರಿಂಗ್ ಪಕ್ಕದ ಗೇರು ಅಂತ ಬರೀತಾರೆ. ನನಗೆ ನೆನಪಾಗೋದು ವಾಂತಿ.

ನಮ್ಮ ಕಾಕಾನ ಗಾಡಿ 1977ರ ಮಾರ್ಕ್-3. ಬಾಗಲಕೋಟೆಯಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡೋರಿಗೆ ಬಾಡಿಗೆ. ಲಗ್ನದ ಸೀಸನ್ನಿನಲ್ಲಿ ಮದುಮಕ್ಕಳಿಗೆ. 1986ರ ಮಾಘದಲ್ಲಿ ನಮ್ಮ ಅತ್ತೆಯ ಮದುವೆ ಜವಳಿ ತರಲು ಇಳಕಲ್‌ಗೆ ಹೋಗಿದ್ದೆವು. ಸೀರೆ ಆರಿಸುವಷ್ಟರಲ್ಲಿ ರಾತ್ರಿಯಾಯಿತು. ಗಂಟುಗಳಿಂದ ಡಿಕ್ಕಿ ಮುಚ್ಚಲಿಲ್ಲ, ಹುರಿ ಹಾಕಿ ಕಟ್ಟಿದರು. ಚಳಿ ಇತ್ತು, ಹಿಂದಿನ ಗ್ಲಾಸು ಏರಿಸಿಕೊಂಡೆವು. ಹುನಗುಂದ ದಾಟುವಾಗ ನನ್ನ ತಲೆ ಒಡೆದು ಹೋಗುವಂತಾಗಿತ್ತು. ಅತ್ತೆ ವಾಂತಿ ಮಾಡಿಕೊಂಡಳು. ಅಮೀನಗಡದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎಲ್ಲರೂ ಇಳಿದೆವು. ಐದು ವರ್ಷದ ತಂಗಿ ಮಾತ್ರ ಏಳಲಿಲ್ಲ.

ನಿದ್ದಿ ಅಂದುಕೊಂಡರು. ಅವ್ವ ಅಲುಗಾಡಿಸಿದಳು, ಕುತ್ತಿಗೆ ಒಂದು ಕಡೆ ಬಿತ್ತು. ಕಾಕಾ ಹೊತ್ತುಕೊಂಡು ಓಡಿ ಅಂಗಡಿ ಮುಂದಿನ ಹೊರಸಿನ ಮೇಲೆ ಮಲಗಿಸಿದ. ನೀರು ಚಿಮುಕಿಸಿದರು, ಅಂಗಾಲು ತಿಕ್ಕಿದರು. ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟು "ಅವ್ವಾ, ತಲಿ" ಅಂದಳು. "ಹೊಸ ಸೀರಿ ಗಂಟಿಗೆ ಯಾರದೋ ದೃಷ್ಟಿ ತಾಕೇತಿ" ಅಂತ ಅಜ್ಜಿ ಮರುದಿನ ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು. ಮುಂದೆ ಕೂತಿದ್ದ ಅಪ್ಪನಿಗೆ, ಕಾಕಾನಿಗೆ ಏನೂ ಆಗಿರಲಿಲ್ಲ. ಬೀಡಿ ಸೇದಲು ಬಾಗಿಲಿನ ತ್ರಿಕೋನ ಗ್ಲಾಸು ತೆರೆದುಕೊಂಡಿದ್ದರಲ್ಲ.

ಕಾಕಾ ಒಂದು ಗ್ಯಾರೇಜಿಗೆ ತೋರಿಸಿದ. ಕಾರ್ಬೊರೇಟರ್ ಟ್ಯೂನ್ ಮಾಡಿ ರೊಕ್ಕ ತಗೊಂಡರು. ಪೆಟ್ರೋಲ್ ವಾಸನೆ ಅಂಬಾಸಿಡರ್‌ನಲ್ಲಿ ಇರೋದೇ ಅಂದರು. ಕೊನೆಗೆ ಹಳೇ ಬಾಗಲಕೋಟೆಯ ತಗ್ಗಿನ ಓಣಿಯ ಒಬ್ಬ ಮುದುಕ ಮಿಸ್ತ್ರಿಯ ಕಡೆ ಹೋದ. ಜೊತೆಗೆ ನಾನೂ ಇದ್ದೆ. ಮಿಸ್ತ್ರಿ ಬಾನೆಟ್ ಎತ್ತಿ, ಗಾಡಿ ಪೂರ್ತಿ ಆರಲಿ ಅಂತ ಮರುದಿನ ಬೆಳಿಗ್ಗೆ ಬರಹೇಳಿದರು. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ, ಹಸಿ ಬಟ್ಟೆಯಿಂದ ಹಿಂದಿನ ಪೈಪಿನ ಬಾಯಿ ಕ್ಷಣ ಹೊತ್ತು ಒತ್ತಿ ಹಿಡಿಯಲು ಹುಡುಗನಿಗೆ ಹೇಳಿದರು. ಎಂಜಿನ್ನಿನ ಎಡಮಗ್ಗುಲಲ್ಲಿ ಟಿಕ್ ಟಿಕ್ ಟಿಕ್.

"ಕೇಳ್ರಿ ಸಾಹೇಬ್ರ. ಕಾದ ಮ್ಯಾಲೆ ಈ ಸಪ್ಪಳ ಅಡಗತೈತಿ. ಅದಕ್ಕ ಯಾರಿಗೂ ಸಿಗೂದಿಲ್ಲ."

ಅಲ್ಲಿ ಇರೋದು ಎಗ್ಸಾಸ್ಟ್ ಮ್ಯಾನಿಫೋಲ್ಡ್. ಸಿಲಿಂಡರ್‌ಗಳಿಂದ ಬರುವ ಸುಟ್ಟ ಗಾಳಿಯನ್ನೆಲ್ಲ ಕೂಡಿಸಿ ಒಂದು ಪೈಪಿಗೆ ಒಪ್ಪಿಸುವ ಎರಕದ ಕಬ್ಬಿಣದ ತುಂಡು. ನಮ್ಮ ಕಡೆ ಇಡೀ ಸಾಮಾನಿಗೆ 'ಸೈಲೆನ್ಸರ್' ಅಂತಲೇ ಹೆಸರು. ಆದರೆ ಸೈಲೆನ್ಸರ್ ಅಂದರೆ ನಡುವಿನ ಡಬ್ಬಿ ಮಾತ್ರ.

ಈ ತುಂಡಿನ ಹಿಂದೆ ಒಂದು ಇತಿಹಾಸ ಇದೆ. ಅಂಬಾಸಿಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದರ ಅಚ್ಚು ತಂದು ಬಿರ್ಲಾ ಅವರ ಹಿಂದುಸ್ಥಾನ್ ಮೋಟರ್ಸ್ ಕಲ್ಕತ್ತದ ಹತ್ತಿರ ಉತ್ತರಪಾರಾದಲ್ಲಿ ಕಾರು ತಯಾರಿಸತೊಡಗಿತು. ಶುರುವಿನಲ್ಲಿ ಹಳೆಯ ಸೈಡ್ ವಾಲ್ವ್ ಎಂಜಿನ್. 1959ರಲ್ಲಿ 1489 ಸಿಸಿಯ ಬಿ-ಸೀರೀಸ್ ಬಂತು. ಇದರ ಮೂಲ 1947ರ ಆಸ್ಟಿನ್ ಎ-40 ಕಾರಿನ ಎಂಜಿನ್. ಯುದ್ಧ ಮುಗಿದ ಕಾಲ, ಬಡತನದ ಇಂಗ್ಲೆಂಡ್, ಎಲ್ಲದರಲ್ಲೂ ಉಳಿತಾಯ. ನಾಲ್ಕು ಸಿಲಿಂಡರ್‌ಗೆ ಎಂಟು ದಾರಿ ಕೊಡೋದು ಬಿಟ್ಟು ಐದೇ ತೂತು ಇಟ್ಟರು. ಒಳಬರೋದಕ್ಕೆ ಎರಡು, ಹೊರಹೋಗೋದಕ್ಕೆ ಮೂರು. ನಡುವಿನ ಎರಡು ಸಿಲಿಂಡರ್‌ಗಳಿಗೆ ಹೊರದಾರಿ ಒಂದೇ, ಅಣ್ಣತಮ್ಮಂದಿರ ಮನೆಗೆ ಒಂದೇ ತಲೆಬಾಗಿಲು ಇದ್ದಹಾಗೆ. ಐದೂ ತೂತು ಒಂದೇ ಮಗ್ಗುಲಲ್ಲಿ. ಬಿಸಿ ಮ್ಯಾನಿಫೋಲ್ಡಿನ ಪಕ್ಕದಲ್ಲೇ ಪೆಟ್ರೋಲ್ ಒಳಗೆ ತರುವ ದಾರಿ. ಇಂಗ್ಲೆಂಡಿನ ಚಳಿಗೆ ಇದು ಉಪಕಾರ, ಬೆಚ್ಚಗಾದ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ? ಪೆಟ್ರೋಲ್ ಪಂಪಿನಲ್ಲೇ ಕುದ್ದು ಗಾಡಿ ನಿಲ್ಲುತ್ತಿತ್ತು. ಡ್ರೈವರ್‌ಗಳು ಪಂಪಿಗೆ ಹಸಿ ಬಟ್ಟೆ ಸುತ್ತುತ್ತಿದ್ದದ್ದು ಅದಕ್ಕೇ. ಇದೇ ಬಿ-ಸೀರೀಸ್ ಎಂಜಿನ್ನು ಅಲ್ಲಿ ಎಂಜಿ-ಎ ಎನ್ನುವ ಸ್ಪೋರ್ಟ್ಸ್ ಕಾರನ್ನೂ ಓಡಿಸಿತು. ಅಲ್ಲಿನ ಹಳೇ ಕಾರಿನ ಮೋಜಿನವರು ಇವತ್ತಿಗೂ ಅದಕ್ಕೆ ಫಳಫಳ ಸ್ಟೀಲ್ ಪೈಪು ಹಾಕಿಸಿ ಸಪ್ಪಳ ಕೇಳಿ ಸುಖಪಡುತ್ತಾರೆ. ನಮಗೆ ಸಪ್ಪಳದ ಚಿಂತೆ ಇರಲಿಲ್ಲ.

ಎರಡು ಗೇಣುದ್ದದ ಎರಕದ ಕಬ್ಬಿಣ ನಾನೂರೈವತ್ತು ಡಿಗ್ರಿ ಕಾದರೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ, ಆರಿದಾಗ ಮತ್ತೆ ಕುಗ್ಗುತ್ತದೆ. ದಿನಾ ಇದೇ ಆಟ. ಬರಬರುತ್ತಾ ಮುಖ ಸೊಟ್ಟಗಾಗುತ್ತದೆ, ಪ್ಯಾಕಿಂಗ್ ಸುಡುತ್ತದೆ. ಬಿಗಿ ಮಾಡಿದರೆ ಸರಿಹೋದೀತು ಅಂತ ಪಾನಾ ಹಾಕಿ ಜೋರಾಗಿ ತಿರುವಿದರೆ ಸ್ಟಡ್ ಮುರಿಯುತ್ತದೆ, ಇಲ್ಲಾ ಮ್ಯಾನಿಫೋಲ್ಡೇ ಸೀಳುತ್ತದೆ.

ಮಿಸ್ತ್ರಿ ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಇಳಕಲ್ಲಿನ ಪಾಲಿಶ್ ಫ್ಯಾಕ್ಟರಿಯಲ್ಲಿ ಉಳಿದ ಕೆಂಪು ಗ್ರಾನೈಟಿನ ಒಂದು ತುಂಡು ಅವರ ಹತ್ತಿರ ಇತ್ತು. ಅದರ ಮೇಲೆ ಎಮರಿ ಹಾಳೆ, ಎಣ್ಣೆ. ಒಳದಾರಿ, ಹೊರದಾರಿ ಎರಡೂ ಮ್ಯಾನಿಫೋಲ್ಡ್‌ಗಳನ್ನು ಜೋಡಿಸಿಯೇ ಮುಖ ತಿಕ್ಕಿದರು. ಯಾಕೆಂದರೆ ಒಂದೇ ದಪ್ಪ ವಾಷರ್ ಎರಡರ ಅಂಚನ್ನೂ ಒತ್ತಿ ಹಿಡಿಯುತ್ತದೆ. ಒಂದರ ಅಂಚು ಕೂದಲೆಳೆಯಷ್ಟು ತೆಳ್ಳಗಾದರೂ ವಾಷರ್ ವಾಲಿ, ಇನ್ನೊಂದು ಸೋರುತ್ತದೆ. ಕಲ್ನಾರಿನ ಹಾಳೆಯನ್ನು ಅಂಚಿನ ಮೇಲಿಟ್ಟು ಗುಂಡು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಪ್ಯಾಕಿಂಗ್ ಕತ್ತರಿಸಿದರು (ಕಲ್ನಾರಿನ ಧೂಳು ಪುಪ್ಪುಸಕ್ಕೆ ವಿಷ, ಅದನ್ನು ಆಗ ಅವರಿಗೆ ಯಾರು ಹೇಳಬೇಕು). ನಟ್ ಹಿತ್ತಾಳೆದು, ಕಬ್ಬಿಣದ ಸ್ಟಡ್ಡಿಗೆ ತುಕ್ಕು ಹಿಡಿದು ಅಂಟಿಕೊಳ್ಳಬಾರದು ಅಂತ. ಮೊದಲು ಎಲ್ಲವನ್ನೂ ಬೆರಳಿನಿಂದ ತಿರುವಿ, ಪೈಪು ಡಬ್ಬಿ ಎಲ್ಲ ಸಡಿಲಾಗಿಯೇ ತೂಗುಹಾಕಿ, ತಮ್ಮಷ್ಟಕ್ಕೆ ತಾವು ಕೂತ ಮೇಲೆ ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿ. ಪೈಪಿನ ನೇತಿಗೆ ಹಳೇ ಟೈರಿನ ರಬ್ಬರು. "ಇಂಜಿನ್ ನಡಗತೈತಿ, ಪೈಪೂ ಅದರ ಜೋಡಿ ನಡಗಬೇಕು. ಬಾಡಿಗೆ ಬೆಸಿಗಿ ಹಾಕಿದ್ರ ಎಲ್ಲಾರ ಒಂದ್ ಕಡೆ ಮುರಿತೈತಿ."

ಆದರೆ ದೊಡ್ಡ ತಪ್ಪು ಹಿಂದೆ ಇತ್ತು. ತುಕ್ಕು ತಿಂದ ಕೊನೆಯ ಪೈಪನ್ನು ಯಾವುದೋ ಗ್ಯಾರೇಜಿನವರು ಕತ್ತರಿಸಿ, ಡಿಕ್ಕಿಯ ಕೆಳಗೇ ಬಾಯಿ ಬಿಟ್ಟಿದ್ದರು. ಓಡುವ ಗಾಡಿಯ ಬೆನ್ನಿಗೆ ಗಾಳಿ ಸುಳಿ ಹಾಕುತ್ತದೆ. ಡಿಕ್ಕಿ ತೆರೆದಿದ್ದರೆ ಹೊಗೆ ಅದರೊಳಗೆ ನುಗ್ಗಿ, ಸೀಟಿನ ಸಂದಿಯಿಂದ ಹಿಂದೆ ಕೂತವರ ಮೂಗಿಗೆ. ಆ ರಾತ್ರಿ ಸೀರೆ ಗಂಟಿನ ಜೊತೆ ನಾವು ಹೇರಿಕೊಂಡು ಬಂದದ್ದು ಅದನ್ನೇ. ಮಿಸ್ತ್ರಿ ಪೈಪಿನಲ್ಲಿ ಮರಳು ತುಂಬಿ, ಎರಡೂ ಬಾಯಿ ಮುಚ್ಚಿ, ಗ್ಯಾಸಿನಿಂದ ಕೆಂಪಗೆ ಕಾಸಿ ಬಗ್ಗಿಸಿ, ಬಂಪರ್ ದಾಟುವಂತೆ ಹಾಕಿಕೊಟ್ಟರು.

ದೊಡ್ಡವನಾದ ಮೇಲೆ ಓದಿ ತಿಳಿದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ರಕ್ತವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಹಿಡಿಯುತ್ತದೆ. 1890ರ ದಶಕದಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎನ್ನುವ ವಿಜ್ಞಾನಿ ತಾನೇ ಆ ಗಾಳಿ ಉಸಿರಾಡಿ ಪರೀಕ್ಷೆ ಮಾಡಿ, ಕಲ್ಲಿದ್ದಲ ಗಣಿಗೆ ಇಲಿಯನ್ನೋ ಹಕ್ಕಿಯನ್ನೋ ಒಯ್ಯಿರಿ ಅಂದ. ಸಣ್ಣ ಜೀವ ಬೇಗ ಬೇಗ ಉಸಿರಾಡುತ್ತದೆ, ದೊಡ್ಡವರಿಗಿಂತ ಮೊದಲು ಬೀಳುತ್ತದೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಗಾಡಿಯಲ್ಲಿ ಆ ಹಕ್ಕಿ ನನ್ನ ತಂಗಿ.

ಆಲಮಟ್ಟಿ ಹಿನ್ನೀರಿಗೆ ಆ ಓಣಿ ಹೋಯಿತು. ಮಿಸ್ತ್ರಿ ನವನಗರಕ್ಕೆ ಬಂದರು, ಅಲ್ಲೇ ತೀರಿಕೊಂಡರು. 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆಯೂ ನಿಂತಿತು. ಕಾಕಾನ ಗಾಡಿ ಬೇವಿನ ಗಿಡದ ಕೆಳಗೆ ಕೊಳೆಯುತ್ತಿತ್ತು. ಹೋದ ವರ್ಷ ಅದನ್ನು ಎಬ್ಬಿಸಿದೆ. ಪೇಂಟಿಗಿಂತ ಮೊದಲು ಮ್ಯಾನಿಫೋಲ್ಡ್ ಬಿಚ್ಚಿಸಿದೆ. ಮಿಸ್ತ್ರಿಯ ಶಿಷ್ಯ ಅದೇ ಕೆಂಪು ಗ್ರಾನೈಟ್ ತುಂಡಿನ ಮೇಲೆ ತಿಕ್ಕಿದ. ಮನೆ ಬಿಡುವಾಗ ಮಿಸ್ತ್ರಿ ಅದನ್ನು ಬಿಟ್ಟು ಬಂದಿರಲಿಲ್ಲ. ಪ್ಯಾಕಿಂಗ್ ಮಾತ್ರ ಈಗ ಕಲ್ನಾರಿಲ್ಲದ್ದು.

ಆ ರಾತ್ರಿಯಾದ ಮೇಲೆ ತಂಗಿ ಆ ಗಾಡಿ ಹತ್ತಿರಲಿಲ್ಲ. ಈಗ ಅವಳ ಮಗಳ ಲಗ್ನದ ಜವಳಿ. "ಡಿಕ್ಕಿ ಮುಚ್ಚತೈತೇನೋ ಅಣ್ಣಾ?" ಅಂದಳು. ತೆಗೆದು, ಮುಚ್ಚಿ, ಮತ್ತೊಮ್ಮೆ ತೆಗೆದು ಮುಚ್ಚಿ ತೋರಿಸಿದೆ. ಬಗ್ಗಿ ಪೈಪಿನ ಬಾಯಿಯನ್ನೂ ನೋಡಿ ಹತ್ತಿದಳು. ದಾರಿಯುದ್ದಕ್ಕೂ ಗ್ಲಾಸು ಇಳಿಸಿಯೇ ಕೂತಿದ್ದಳು, ಬೇಡ ಅನ್ನಲಿಲ್ಲ ನಾನು. ರಾತ್ರಿ ಇಳಕಲ್ಲಿನಲ್ಲೇ ಉಳಿದೆವು. ಹೊಸ ಪ್ಯಾಕಿಂಗ್ ಒಮ್ಮೆ ಕಾದು ಆರಿದ ಮೇಲೆ ನಟ್ ಮತ್ತೆ ನೋಡಬೇಕು ಅಂತ ಮಿಸ್ತ್ರಿ ಅಂದು ಕಾಕಾನಿಗೆ ಹೇಳಿದ್ದರು. ಬೆಳಿಗ್ಗೆ ಬಾನೆಟ್ ಎತ್ತಿ ಪಾನಾ ಹಾಕಿದೆ. ನಡುವಿನ ಎರಡು ನಟ್ ಕಾಲು ಸುತ್ತು ಬಂದವು.