ಗಾಜಿನ ಕೊಳವೆಯ ಸಾಕ್ಷಿ

ಭೂಮಿ ಬಿಸಿಯಾಗುತ್ತಿರುವುದನ್ನು ನಾವು ನಿನ್ನೆ ಮೊನ್ನೆ ತಿಳಿದ ಸುದ್ದಿಯೆಂಬಂತೆ ಮಾತಾಡುತ್ತೇವೆ. ಆದರೆ ಅದರ ಕಾರಣದತ್ತ ಬೆರಳು ತೋರಿಸಿದವರು ನೂರೈವತ್ತು ವರ್ಷಗಳಿಗೂ ಹಿಂದೆಯೇ ಇದ್ದರು. ಅವರಲ್ಲಿ ಮೊದಲಿಗರು ಒಬ್ಬ ಮಹಿಳೆ.

ಅಮೆರಿಕದ ಯೂನಿಸ್ ಫುಟ್ ಎರಡು ಗಾಜಿನ ಕೊಳವೆಗಳನ್ನೂ ಕೆಲವು ಥರ್ಮಾಮೀಟರ್‌ಗಳನ್ನೂ ಇಟ್ಟುಕೊಂಡು ಪ್ರಯೋಗ ಮಾಡಿದರು. ಬೇರೆ ಬೇರೆ ಅನಿಲಗಳನ್ನು ತುಂಬಿ ಕೊಳವೆಗಳನ್ನು ಬಿಸಿಲಿಗಿಟ್ಟರು. ಸಾಮಾನ್ಯ ಗಾಳಿ 106 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿದರೆ ಇಂಗಾಲದ ಡೈಆಕ್ಸೈಡ್ 125ಕ್ಕೆ ಏರಿತು. ಬಿಸಿಲಿನಿಂದ ತೆಗೆದ ಮೇಲೂ ಅದು ಆರಲು ಬಹಳ ಹೊತ್ತು ಹಿಡಿಯಿತು. ಹಿಂದೊಮ್ಮೆ ವಾತಾವರಣದಲ್ಲಿ ಈ ಅನಿಲ ಹೆಚ್ಚಾಗಿದ್ದರೆ ಭೂಮಿಯೂ ಈಗಿನದಕ್ಕಿಂತ ಬೆಚ್ಚಗಿದ್ದಿರಬೇಕು ಎಂದು ಅವರು ಬರೆದರು. 1856ರ ಆಗಸ್ಟ್‌ನಲ್ಲಿ ಆಲ್ಬನಿಯ ವಿಜ್ಞಾನ ಸಮ್ಮೇಳನದಲ್ಲಿ ಆ ಪ್ರಬಂಧವನ್ನು ಓದಿದವರು ಅವರಲ್ಲ, ಜೋಸೆಫ್ ಹೆನ್ರಿ ಎಂಬ ವಿಜ್ಞಾನಿ. 1848ರಲ್ಲಿ ಸೆನೆಕಾ ಫಾಲ್ಸ್‌ನ ಮಹಿಳಾ ಹಕ್ಕುಗಳ ಘೋಷಣೆಗೆ ಸಹಿ ಹಾಕಿದ್ದ ಈಕೆಯ ಹೆಸರು ವಿಜ್ಞಾನದ ಚರಿತ್ರೆಯಿಂದ ಮರೆಯಾಯಿತು. 2011ರಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದವರು ಒಬ್ಬ ನಿವೃತ್ತ ಪೆಟ್ರೋಲಿಯಂ ಭೂವಿಜ್ಞಾನಿ ಎಂಬುದು ಚರಿತ್ರೆಯ ವಿನೋದ.

ಫುಟ್ ಅವರ ಪ್ರಯೋಗ ಪರಿಪೂರ್ಣವಾಗಿರಲಿಲ್ಲ. ಬಿಸಿಲಿನ ಶಾಖ ಯಾವುದು, ನೆಲ ಹೊರಸೂಸುವ ಶಾಖ ಯಾವುದು ಎಂದು ಅದು ಬೇರ್ಪಡಿಸಲಿಲ್ಲ. ಆ ಕೆಲಸವನ್ನು 1859ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಆರಂಭಿಸಿದರು. ಸೂರ್ಯನ ಬೆಳಕನ್ನು ಒಳಗೆ ಬಿಡುವ ಅನಿಲಗಳೇ ನೆಲದಿಂದ ಮರಳುವ ಶಾಖವನ್ನು ಕಂಬಳಿಯಂತೆ ಹಿಡಿದಿಡುತ್ತವೆ ಎಂಬುದು ಹೀಗೆ ಖಚಿತವಾಯಿತು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಕೈಯಲ್ಲೇ ಲೆಕ್ಕ ಹಾಕಿ, ಈ ಅನಿಲ ಇಮ್ಮಡಿಯಾದರೆ ಭೂಮಿಯ ತಾಪ ಐದಾರು ಡಿಗ್ರಿ ಸೆಲ್ಸಿಯಸ್ ಏರುತ್ತದೆ ಎಂದರು. ಚಳಿ ನಾಡಿನ ಅವರಿಗೆ ಅದು ಅಂಜಿಕೆಯ ವಿಷಯವಾಗಿರಲಿಲ್ಲ. ಅದಕ್ಕೆ ಸಾವಿರಾರು ವರ್ಷಗಳು ಬೇಕೆಂದೂ ನಂಬಿದ್ದರು. 1938ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಗೈ ಕ್ಯಾಲೆಂಡರ್ ಹವಾಮಾನ ಕೇಂದ್ರಗಳ ದಾಖಲೆಗಳನ್ನು ಕೂಡಿಸಿ, ಭೂಮಿ ಆಗಲೇ ಬಿಸಿಯಾಗುತ್ತಿದೆ ಎಂದಾಗ ಪಂಡಿತರು ಅನುಮಾನಿಸಿದರು.

ಅಷ್ಟರಲ್ಲಿ ಕಲ್ಲಿದ್ದಲಿನ ಜೊತೆಗೆ ಪೆಟ್ರೋಲೂ ಸೇರಿತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 315 ಪಾಲು ಇತ್ತು. ಯಂತ್ರಯುಗಕ್ಕೆ ಮುಂಚೆ ಅದು ಸುಮಾರು 280 ಇದ್ದಿತು. 2024ರಲ್ಲಿ 420ನ್ನು ದಾಟಿತ್ತು. ಅರೇನಿಯಸ್ ಹೇಳಿದ ಸಾವಿರಾರು ವರ್ಷಗಳಿಗೆ ನಾವು ಕಾಯಲಿಲ್ಲ.

ಇದರ ಹೊಣೆ ಎಲ್ಲರಿಗೂ ಸಮನಲ್ಲ. ಇದುವರೆಗೆ ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಟ್ಟು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ. ಮನುಕುಲದ ಆರರಲ್ಲೊಂದು ಪಾಲಿಗಿಂತ ಹೆಚ್ಚು ಜನರಿರುವ ಭಾರತದ ಪಾಲು ನೂರಕ್ಕೆ ನಾಲ್ಕರ ಒಳಗೆ. ಹಾಗೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ವರ್ಷದ ಲೆಕ್ಕದಲ್ಲಿ ನಾವೀಗ ಚೀನಾ, ಅಮೆರಿಕಗಳ ನಂತರದ ಸ್ಥಾನದಲ್ಲಿದ್ದೇವೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಬೇಸಿಗೆಯಲ್ಲಿ ನಾವು ಹಾಕುವ ಫ್ಯಾನಿಗೆ ಅಲ್ಲಿಂದಲೂ ಕರೆಂಟು ಬರುತ್ತದೆ. ಆ ಹೊತ್ತಿನಲ್ಲಿ ರಸ್ತೆಗೆ ಡಾಂಬರು ಹಾಕುವವನಿಗೆ, ಮಾರುಕಟ್ಟೆಯಲ್ಲಿ ಮೂಟೆ ಹೊರುವವನಿಗೆ ಫ್ಯಾನೂ ಇಲ್ಲ, ನೆರಳೂ ಇಲ್ಲ.

ಕಾರಣ ಗೊತ್ತಿರಲಿಲ್ಲ ಎಂದು ಅವರ ಮುಂದೆ ನಿಂತು ಹೇಳಲು ಯಾರಿಗೂ ಸಾಧ್ಯವಿಲ್ಲ. ಸಾಕ್ಷಿ 1856ರಲ್ಲೇ ಸಿಕ್ಕಿತ್ತು. ತಡವಾದದ್ದು ಅದನ್ನು ಕೇಳಿಸಿಕೊಳ್ಳುವುದು.