ಗಯದ ಮೀನು, ಬಾಟಲಿಯ ನೀರು

ಸುಳ್ಯ ತಾಲೂಕಿನ ತೊಡಿಕಾನದಲ್ಲಿ, ಮಲ್ಲಿಕಾರ್ಜುನ ದೇವಸ್ಥಾನದ ಸಮೀಪದ ಗಯಕ್ಕೆ, ಅಂದರೆ ಹೊಳೆಯ ಆಳಗುಂಡಿಗೆ, ಒಂದು ಹಿಡಿ ಅಕ್ಕಿ ಚೆಲ್ಲಿದರೆ ಸಾಕು, ನೀರೇ ಕಪ್ಪಾಗಿ ಕುದಿದ ಹಾಗೆ ಕಾಣುತ್ತದೆ. ಮಹಶೀರ್ ಬಳಗದ ದೇವರ ಮೀನುಗಳು ಒಂದರ ಬೆನ್ನ ಮೇಲೊಂದು ಏರಿ ಬರುತ್ತವೆ. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಪ್ರಯೋಗಾಲಯ, ಪರೀಕ್ಷೆ ಎಂಬ ಮಾತುಗಳೇ ಇಲ್ಲದ ಕಾಲದಲ್ಲಿ ಇಂಥ ಮತ್ಸ್ಯತೀರ್ಥಗಳಲ್ಲಿ ನೀರು ಹೇಗಿದೆ ಎಂದು ಹೇಳುತ್ತಿದ್ದದ್ದು ಮೀನೇ. 1996ರಲ್ಲಿ ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲಾ ಹೊಳೆಗೆ ಯಾರೋ ವಿಷ ಬೆರೆಸಿದಾಗ ಸಾವಿರಾರು ದೇವರ ಮೀನು ಹೊಟ್ಟೆ ಮೇಲಾಗಿ ತೇಲಿದವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ.

ಸತ್ತು ತೇಲುವ ಮೊದಲೇ ನೀರಿನ ಸ್ಥಿತಿ ತಿಳಿಯುವ ದಾರಿಗೆ ನೂರ ಮೂವತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಹಂಗೆರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ತೋರಿಸಿದ ವಿಧಾನದಲ್ಲಿ ಕಾಲೇಜಿನ ಮಕ್ಕಳು ಈಗಲೂ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುತ್ತಾರೆ. 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದ ಹಾಗೆ ಹೊಳೆನೀರಿನಲ್ಲಿ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್, ಬಳಿಕ ಕ್ಷಾರೀಯ ಅಯೊಡೈಡ್ ಬಿಟ್ಟು ಮುಚ್ಚಳ ಹಾಕಿ ತಿರುವಬೇಕು. ಆಮ್ಲಜನಕ ಚೆನ್ನಾಗಿದ್ದರೆ ಕಂದು ಮಡ್ಡಿ ಕಟ್ಟುತ್ತದೆ, ಇಲ್ಲದಿದ್ದರೆ ಮಡ್ಡಿ ಬೆಳ್ಳಗೇ ಉಳಿಯುತ್ತದೆ. ಆಸಿಡ್ ಹಾಕಿ ಅದನ್ನು ಕರಗಿಸಿ, ಪಿಷ್ಟದ ಹನಿ ಬಿಟ್ಟು ನೀಲಿ ಮಾಡಿ, ಆ ನೀಲಿ ಮಾಯವಾಗುವ ತನಕ ಥಯೊಸಲ್ಫೇಟ್ ಬಿಡುತ್ತ ಹೋಗುವುದು. 200 ಮಿಲಿಲೀಟರ್ ನೀರಿಗೆ ನಿಗದಿತ ಪ್ರಬಲತೆಯ ದ್ರಾವಣ ಎಷ್ಟು ಮಿಲಿಲೀಟರ್ ಹಿಡಿಯಿತೋ, ಲೀಟರಿಗೆ ಅಷ್ಟೇ ಮಿಲಿಗ್ರಾಂ ಆಮ್ಲಜನಕ. ಆ ನೀಲಿ ಅಳಿಯುವ ಕ್ಷಣವನ್ನು ಒಮ್ಮೆ ಕಂಡವರಿಗೆ ಹೊಳೆ ಉಸಿರಾಡುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಮೊದಮೊದಲು ಈ ವಿದ್ಯೆ ಮೀನಿಗಾಗಿ ದುಡಿದದ್ದು ಕಡಿಮೆ. 1912ರಲ್ಲಿ ಬ್ರಿಟನ್ನಿನ ರಾಯಲ್ ಆಯೋಗ ಐದು ದಿನಗಳ ಜೈವಿಕ ಆಮ್ಲಜನಕ ಬೇಡಿಕೆಯನ್ನು, ಅಂದರೆ ಕೊಚ್ಚೆ ಕೊಳೆಯುತ್ತ ನುಂಗುವ ಆಮ್ಲಜನಕವನ್ನು, ಮಾನದಂಡ ಮಾಡಿದಾಗ ಅದರ ಚಿಂತೆ ನಗರಗಳ ಚರಂಡಿಯದು. ಮೀನಿನ ಕಡೆಯಿಂದ ಪ್ರಶ್ನೆ ಕೇಳಿದವರಲ್ಲಿ ಅಮೆರಿಕದ ಎಂ. ಎಂ. ಎಲ್ಲಿಸ್ ಮುಖ್ಯರು. ಮೀನು ಸಮೃದ್ಧವಾಗಿರುವ ನದಿಗಳಲ್ಲಿ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಇಳಿಯಬಾರದು, ಪಿಎಚ್ ಹೆಚ್ಚಾಗಿ 6.7ರಿಂದ 8.6ರೊಳಗೆ ಇರುತ್ತದೆ ಎಂದು 1937ರಲ್ಲಿ ಅವರು ಬರೆದರು. 1957ರಲ್ಲಿ ಶುರುವಾದ ಯುರೋಪಿನ ಒಳನಾಡು ಮೀನುಗಾರಿಕಾ ಸಲಹಾ ಆಯೋಗ ಒಂದೊಂದೇ ಅಂಶವನ್ನು ಹಿಡಿದು ಪರಿಶೀಲಿಸಿತು. ತೇಲುವ ಕೆಸರು ಲೀಟರಿಗೆ 25 ಮಿಲಿಗ್ರಾಂ ಒಳಗಿದ್ದರೆ ಹಾನಿಯಿಲ್ಲ, 400 ದಾಟಿದರೆ ಮೀನು ಹೇಳಿಕೊಳ್ಳುವಷ್ಟು ಉಳಿಯುವುದಿಲ್ಲ ಎಂದಿತು. ಸುಳ್ಯದ ಪಯಸ್ವಿನಿ ಹೊಳೆಯ ದಡದವರಿಗೆ ಇದು ದೂರದ ಲೆಕ್ಕವಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದು ಕೆಂಪು ಕೆಸರು ಮರದ ದಿಮ್ಮಿಗಳ ಸಮೇತ ಹರಿದು ಬಂದದ್ದನ್ನು ಅವರು ಕಣ್ಣಾರೆ ಕಂಡವರು. ಅಂಥ ಕೆಸರು ಕಿವಿರಿಗೆ ಕೂರುವುದಷ್ಟೇ ಅಲ್ಲ, ಮೊಟ್ಟೆಯಿಡುವ ಬೆಣಚುಕಲ್ಲಿನ ಸಂದುಗಳನ್ನೂ ಮುಚ್ಚಿಬಿಡುತ್ತದೆ.

ನಮ್ಮಲ್ಲಿ 1947ರಲ್ಲಿ ಕೇಂದ್ರ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆ ಬಂತು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜು ತೆರೆಯಿತು. 1974ರ ಜಲಮಾಲಿನ್ಯ ಕಾಯ್ದೆಯ ಬಳಿಕ ನದಿನೀರಿಗೆ ಎ, ಬಿ, ಸಿ, ಡಿ, ಇ ಎಂಬ ದರ್ಜೆಗಳಾದವು. ವನ್ಯಜೀವಿ ಮತ್ತು ಮೀನಿಗೆ ಸಿಕ್ಕಿದ್ದು ‘ಡಿ’: ಪಿಎಚ್ 6.5ರಿಂದ 8.5, ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಅಷ್ಟೇ. ಕುಡಿಯುವ ನೀರಿನ ಚಿಂತೆಯ ನಡುವೆ ಮೀನಿಗೂ ಒಂದು ಸಾಲು ಬಂತಲ್ಲ ಎಂಬುದು ಸಮಾಧಾನವೇ. ಆದರೆ ನಾಲ್ಕು ಮಿಲಿಗ್ರಾಂ ಜೀವ ಹಿಡಿದುಕೊಳ್ಳುವ ಗೆರೆ, ಮೈ ತುಂಬಿ ಬೆಳೆಯುವ ಗೆರೆಯಲ್ಲ. ಅಮೋನಿಯಾದ ಮಿತಿಯಂತೂ ತೀರಾ ಸಡಿಲ. ಯುರೋಪಿನ ಆಯೋಗ ವಿಷಕಾರಿ ಅಮೋನಿಯಾಕ್ಕೆ ಹೇಳಿದ್ದು 0.025 ಮಿಲಿಗ್ರಾಂ. ನೀರಿನ ಒಟ್ಟು ಅಮೋನಿಯಾದಲ್ಲಿ ಈ ವಿಷರೂಪದ ಪಾಲು, 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 7 ಇದ್ದಾಗ ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಸುಮಾರು ಹತ್ತು ಪಟ್ಟಾಗುತ್ತದೆ.

ಅಮೆರಿಕದ ಹಾರ್ಟನ್ 1965ರಲ್ಲಿ ತಂದ ಜಲಗುಣಮಟ್ಟ ಸೂಚ್ಯಂಕ ಈಗ ಅಧ್ಯಯನಗಳ ಅಚ್ಚುಮೆಚ್ಚು. ಹತ್ತಾರು ಅಂಶಗಳನ್ನು ಕೂಡಿಸಿ ಒಂದೇ ಅಂಕಿ ಕೊಡುತ್ತದೆ, ‘ಉತ್ತಮ’ ಎನ್ನುತ್ತದೆ. ಜನರಿಗೆ ಹೇಳಲು ಅದು ಸುಲಭ, ಒಪ್ಪುತ್ತೇನೆ. ಆದರೆ ಮೀನು ಸರಾಸರಿಯಿಂದ ಸಾಯುವುದಿಲ್ಲ. ಎಲ್ಲವೂ ಸರಿಯಿದ್ದು ಒಂದೇ ಒಂದು ಕೆಟ್ಟರೂ ಅದು ಮುಗಿಯಿತು.

ಪುತ್ತೂರು, ಸುಳ್ಯ, ಕಡಬದಲ್ಲಿ ಆ ‘ಒಂದು’ ಯಾವುದು? ನನ್ನ ಅನುಮಾನ ತಾಮ್ರದ ಮೇಲೆ. ಕೊಳೆರೋಗಕ್ಕೆ ಅಡಿಕೆ ತೋಟಗಳಿಗೆ ಮದ್ದು ಬಿಡುವುದು ಮಳೆಗಾಲದಲ್ಲೇ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಹಾಗೆ ಮಾಡಿದ ಬೋರ್ಡೊ ದ್ರಾವಣದ ಪ್ರತಿ ಲೀಟರಿನಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರವಿರುತ್ತದೆ. ಸುಣ್ಣ ಅದರ ಹೆಚ್ಚಿನ ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ ನಿಜ. ಆದರೂ ಡ್ರಮ್ಮು, ಪಂಪು ತೊಳೆದ ನೀರು ಹೋಗುವುದು ತೋಡಿಗೆ. ಘಟ್ಟದ ಹೊಳೆನೀರು ಬಹಳ ಮೆದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕಿವಿರಿನ ಮೇಲೆ ಜಾಗ ಹಿಡಿದು ತಾಮ್ರವನ್ನು ತಡೆಯುತ್ತದೆ, ಮೆದು ನೀರಿನಲ್ಲಿ ಆ ಕಾವಲು ಇಲ್ಲ. ಅಮೆರಿಕದ ಪರಿಸರ ಸಂಸ್ಥೆ 1980ರ ದಶಕದಲ್ಲೇ ಇದನ್ನು ಲೆಕ್ಕಕ್ಕೆ ತಂದಿತು: ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಲೀಟರಿಗೆ ಸುಮಾರು 34 ಮೈಕ್ರೊಗ್ರಾಂ ತಾಮ್ರದ ಮಿತಿ, 50 ಇದ್ದರೆ 9 ಮಾತ್ರ. ನಮ್ಮ ‘ಡಿ’ ದರ್ಜೆಯಲ್ಲಿ ತಾಮ್ರದ ಹೆಸರೇ ಇಲ್ಲ. ಮನೆಮನೆಯಲ್ಲಿ ರಬ್ಬರ್ ಶೀಟ್ ಮಾಡುವಾಗ ಆಸಿಡ್ ಹಾಕಿ ಹೆಪ್ಪುಗಟ್ಟಿಸಿದ ಹಾಲಿನಿಂದ ಬಸಿಯುವ ನೀರಿನ ಬಗ್ಗೆಯೂ ಇದೇ ಮಾತು. ಅದು ತೋಡು ಸೇರಿದರೆ ಕೊಳೆಯುತ್ತ ಆಮ್ಲಜನಕವನ್ನು ನುಂಗುತ್ತದೆ.

ಇನ್ನು ಅಳೆಯುವ ಹೊತ್ತು. ಕುಮಾರಧಾರಾ ನೇತ್ರಾವತಿಯನ್ನು ಸೇರುವ ಉಪ್ಪಿನಂಗಡಿಯ ಬಳಿ ಮಾಲಿನ್ಯ ನಿಯಂತ್ರಣ ಮಂಡಳಿ ಮಾದರಿ ತೆಗೆಯುತ್ತದೆ. ಅದು ಬೇಕು, ಇನ್ನಷ್ಟು ಕಡೆ ಬೇಕು. ಆದರೆ ಹಗಲಿನಲ್ಲಿ ತುಂಬಿದ ಬಾಟಲಿಗೆ ಇರುಳಿನ ಕಥೆ ಗೊತ್ತಿರುವುದಿಲ್ಲ. ಏಪ್ರಿಲಿನಲ್ಲಿ ಹರಿವು ನಿಂತು ಹೊಳೆ ಗಯಗಳ ಸಾಲಾಗುತ್ತದೆ, ಮೀನೆಲ್ಲ ಅಲ್ಲೇ ಕೂಡಿಕೊಳ್ಳುತ್ತದೆ. 20 ಡಿಗ್ರಿಯ ನೀರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು, 30 ಡಿಗ್ರಿಯದು ಏಳೂವರೆ ಮಾತ್ರ. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಮೀನಿನೊಂದಿಗೆ ಉಸಿರೆಳೆಯುತ್ತದೆ. ಬೆಳಕು ಹರಿಯುವ ಮುನ್ನದ ಗಳಿಗೆಯೇ ಎಲ್ಲಕ್ಕಿಂತ ಕಷ್ಟದ್ದು. ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಆಗಲೇ.

ಇನ್ನೊಂದು ಹೊತ್ತು ಜೂನ್ ಮೊದಲ ವಾರದ್ದು. ಮೊದಲ ಕೆಂಪುನೀರು ಇಳಿಯುತ್ತಿದ್ದ ಹಾಗೆ ಉಬರ್ ಮೀನು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೊಟ್ಟೆಯಿಡಲು ಏರುತ್ತದೆ. ಬೇಸಿಗೆಯಿಡೀ ತೋಟದಲ್ಲಿ, ರಸ್ತೆಯಲ್ಲಿ, ಚರಂಡಿಯಲ್ಲಿ ಸೇರಿದ್ದೆಲ್ಲ ಎದುರಿನಿಂದ ಇಳಿದು ಬರುವುದೂ ಅದೇ ರಾತ್ರಿ. ಟಾರ್ಚ್ ಹಿಡಿದು ಉಬರ್ ಮೀನಿಗೆ ಹೊರಟವರ ಕೈಯಲ್ಲಿ ಒಂದು ವಿಂಕ್ಲರ್ ಬಾಟಲಿಯೂ ಅದರ ಮೊದಲೆರಡು ದ್ರಾವಣಗಳೂ ಇದ್ದು, ಸ್ಥಳದಲ್ಲೇ ಮಡ್ಡಿ ಕಟ್ಟಿಸಿದ ಬಾಟಲಿ ಬೆಳಗ್ಗೆ ಸುಳ್ಯದ್ದೋ ಪುತ್ತೂರಿನದ್ದೋ ಯಾವುದಾದರೂ ಕಾಲೇಜಿನ ಪ್ರಯೋಗಾಲಯದ ಮೇಜು ತಲುಪಿದರೆ, ಆ ರಾತ್ರಿಯ ನೀರಿನ ಮೊದಲ ಅಂಕಿ ನಮ್ಮ ಕೈಗೆ ಬರುತ್ತದೆ.