ಕೋಲು, ನೂಲು, ರಾಟೆ

ಗಾಳ ಹಾಕಿ ಮೀನು ಹಿಡಿಯುವುದು ನಮ್ಮಲ್ಲಿ ಹೊಟ್ಟೆಪಾಡಿನ ಕೆಲಸ, ಇಲ್ಲವೆ ಹೊತ್ತು ಕಳೆಯುವ ಹವ್ಯಾಸ. ಇಂಗ್ಲಿಷರು ಅದನ್ನೊಂದು ಶಾಸ್ತ್ರವಾಗಿ ಬೆಳೆಸಿದರು. ಆ ಶಾಸ್ತ್ರದ ಗಾಳಿ ನಮ್ಮ ಕರಾವಳಿಯಲ್ಲೂ ಸುಳಿದಿತ್ತು. ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಅಧಿಕಾರಿ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ನಾನು ಮೀನುಗಾರನಲ್ಲ, ಹಳೆಯ ಉಪಕರಣಗಳ ಚರಿತ್ರೆಯಲ್ಲಿ ಕುತೂಹಲವುಳ್ಳವನು. ಹುಸಿನೊಣದ ಗಾಳದವರ ಹಳೆಯ ರಾಟೆ, ಅಂದರೆ ರೀಲು, ಯಾವ ಕೋಲಿಗೆ ಹೊಂದೀತು ಎಂಬ ಪ್ರಶ್ನೆಯನ್ನು ಇಂದು ಎತ್ತಿಕೊಂಡಿದ್ದೇನೆ.

ಈ ಪದ್ಧತಿಯ ಗುಟ್ಟು ಒಂದೇ. ಗರಿ, ಕೂದಲುಗಳಿಂದ ಕಟ್ಟಿದ ಹುಸಿನೊಣಕ್ಕೆ ತೂಕವೆಂಬುದೇ ಇಲ್ಲ. ಅದನ್ನು ಎಸೆಯಲು ಬಾರದು. ಎಸೆಯುವುದು ನೂಲನ್ನು. ನೂಲಿನ ಭಾರಕ್ಕೆ ಕೋಲು ಬಾಗುತ್ತದೆ, ಬಾಗಿದ್ದು ಸೆಟೆದಾಗ ನೂಲು ಮುಂದಕ್ಕೆ ಹಾರುತ್ತದೆ, ನೊಣ ಅದರ ಬೆನ್ನು ಹತ್ತಿ ಹೋಗುತ್ತದೆ. ಆದುದರಿಂದ ರಾಟೆಯನ್ನೂ ಕೋಲನ್ನೂ ಎದುರುಬದುರು ಇಟ್ಟು ಜೋಡಿ ನೋಡುವವರು ಮೂರನೆಯವನನ್ನು ಮರೆತಿರುತ್ತಾರೆ. ಹೆಣ್ಣು ಗಂಡುಗಳನ್ನು ಒಪ್ಪಿಸಿ ಪುರೋಹಿತರನ್ನು ಕರೆಯದೆ ಬಿಟ್ಟ ಹಾಗೆ!

ಹಿಂದೆ ಆ ನೂಲು ರೇಷ್ಮೆಯದು. ಹೆಣೆದು, ಎಣ್ಣೆ ಊಡಿ, ನಯಗೊಳಿಸಿದ್ದು. ಸಂಜೆ ಅದನ್ನು ರಾಟೆಯಿಂದ ಬಿಚ್ಚಿ ಒಣಗಿಸಲೇಬೇಕಿತ್ತು. ಒದ್ದೆಯಾಗಿ ಉಳಿದರೆ ಕೊಳೆಯುತ್ತಿತ್ತು. ಅಮೆರಿಕದ ವರ್ಮಾಂಟಿನ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಪೇಟೆಂಟ್ ಪಡೆದ ರಾಟೆಯ ಮೈತುಂಬ ರಂಧ್ರಗಳಿವೆ. ಅವು ಬರಿಯ ಅಲಂಕಾರವಲ್ಲ: ತೂಕ ಇಳಿಯಿತು, ನೂಲಿಗೆ ಗಾಳಿಯೂ ಆಡಿತು. ಇಂಗ್ಲೆಂಡಿನ ಆಲ್ನಿಕ್ ಪಟ್ಟಣದ ಹಾರ್ಡಿ ಸೋದರರು 1890ರ ದಶಕದಲ್ಲಿ ಪ್ರಸಿದ್ಧಿಗೆ ತಂದ ‘ಪರ್ಫೆಕ್ಟ್’ ರಾಟೆಯನ್ನು ಅಳತೆ ಮಾಡಿದ್ದೂ ರೇಷ್ಮೆ ನೂಲಿಗಾಗಿಯೇ. 9 ಅಡಿಯ ಟ್ರೌಟ್ ಕೋಲಿಗೆ 3 ಅಂಗುಲದ ಆಸುಪಾಸಿನ ರಾಟೆ, ಎರಡು ಕೈಯಲ್ಲಿ ಬೀಸುವ ಸಾಲ್ಮನ್ ಕೋಲಿಗೆ 4 ಅಂಗುಲದ್ದು ಅಥವಾ ಇನ್ನೂ ದೊಡ್ಡದು: ಇದು ರೂಢಿ.

ಕೋಲಿನ ಕಥೆಯಲ್ಲಿ ನಮ್ಮ ನೆಲವೂ ಉಂಟು. ಬಿದಿರನ್ನು ಸೀಳಿ, ಆರು ಮುಕ್ಕೋನದ ಎಸಳುಗಳನ್ನು ಅಂಟಿಸಿ ಮಾಡಿದ ಮೊದಮೊದಲ ಕೋಲುಗಳಿಗೆ ಹೋದದ್ದು ‘ಕಲ್ಕತ್ತಾ ಬಿದಿರು’. ನಮ್ಮ ಕಾಡಿನ ಕಿರಿಬಿದಿರಿನ ಜಾತಿ ಅದು. ಇಪ್ಪತ್ತನೆಯ ಶತಮಾನದಲ್ಲಿ ಚೀನದ ಟಾಂಕಿನ್ ಬಿದಿರು ಅದರ ಸ್ಥಾನವನ್ನು ಕಿತ್ತುಕೊಂಡಿತು.

ತೊಡಕು ಶುರುವಾದದ್ದು ಎರಡನೆಯ ಮಹಾಯುದ್ಧದ ತರುವಾಯ. ಅಲ್ಲಿಯವರೆಗೆ ನೂಲನ್ನು ದಪ್ಪದಿಂದ ಗುರುತಿಸುತ್ತಿದ್ದರು, ಅಕ್ಷರಗಳಲ್ಲಿ. ‘ಎಚ್‌ಡಿಎಚ್’ ಎಂದರೆ ತುದಿಗಳು ಅಂಗುಲದ ಸಾವಿರದಲ್ಲಿ 25 ಭಾಗ, ನಡು 45 ಭಾಗ. ಎಲ್ಲವೂ ರೇಷ್ಮೆಯಾಗಿದ್ದಾಗ ದಪ್ಪ ಹೇಳಿದರೆ ತೂಕ ಹೇಳಿದಂತೆಯೇ. ನೈಲಾನ್ ಬಂತು, ಅದೇ ದಪ್ಪ, ತೂಕ ಕಡಿಮೆ. ಅಕ್ಷರ ಸುಳ್ಳಾಯಿತು. ಅಮೆರಿಕದ ತಯಾರಕರು 1960ರ ಸುಮಾರಿಗೆ ದಪ್ಪವನ್ನು ಕೈಬಿಟ್ಟು, ನೂಲಿನ ಮೊದಲ 30 ಅಡಿಯ ತೂಕಕ್ಕೆ ಅಂಕಿ ಕೊಟ್ಟರು. ಐದನೆಯ ಅಂಕಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. ಆರನೆಯದು 160 ಗ್ರೇನ್. ವಿವೇಕದ ಕೆಲಸವೆಂದೇ ನನ್ನ ಅಭಿಪ್ರಾಯ. ಆದರೆ ಅಜ್ಜನ ಕಾಲದ ಕೋಲಿನ ಮೇಲೆ ಆ ಅಂಕಿ ಬರೆದಿಲ್ಲವಲ್ಲ!

ಊಹೆಯಿಂದ ಭಾರದ ನೂಲು ಹಾಕಿದರೆ ಹಳೆಯ ಬಿದಿರು ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ. ಎಸಳುಗಳ ಅಂಟು ಬಿಡಲೂಬಹುದು. ನೂರು ವರ್ಷ ಬಾಳಿದ್ದು ಒಂದು ಮಧ್ಯಾಹ್ನದಲ್ಲಿ ಹಾಳು. ಆದ್ದರಿಂದ ಹಗುರ ನೂಲಿನಿಂದ ಆರಂಭಿಸಿ ಒಂದೊಂದೇ ಅಂಕಿ ಏರುವುದು ಲೇಸು. ನೂಲು ನಿಶ್ಚಯವಾದ ಮೇಲೆ ರಾಟೆಯ ಸರದಿ. ಉಂಗುರಗಳಲ್ಲಿ ನೂಲು ಪೋಣಿಸಿ, ಹಿಡಿಯ ತಲೆಯ ಬಳಿ ಕೋಲನ್ನು ಬೆರಳ ಮೇಲಿಟ್ಟು ನೋಡುತ್ತಾರೆ. ತುದಿ ನೆಲಕ್ಕೆ ಕುಸಿದರೆ ರಾಟೆ ಹಗುರ, ಬುಡ ಇಳಿದರೆ ಭಾರ. ಹಳೆಯ ಉದ್ದ ಕೋಲಿಗೆ ಇಂದಿನ ಹಗುರ ರಾಟೆ ಒಪ್ಪದಿರುವುದು ಇದರಿಂದಲೇ.

ಇನ್ನು ರಾಟೆಯ ಹೊಟ್ಟೆಯ ಪ್ರಶ್ನೆ. ತೇಲುವ ಪ್ಲಾಸ್ಟಿಕ್ ನೂಲು ಅದೇ ತೂಕದ ರೇಷ್ಮೆಗಿಂತ ದಪ್ಪ. ರೇಷ್ಮೆಯನ್ನೂ ಅದರಡಿಯ ಆಸರೆದಾರವನ್ನೂ ನುಂಗಿ ನಗುತ್ತಿದ್ದ ರಾಟೆ, ಪ್ಲಾಸ್ಟಿಕ್ ಸುತ್ತಿದರೆ ಚೌಕಟ್ಟಿಗೆ ಉಜ್ಜಿ ನಿಲ್ಲುತ್ತದೆ. ಕೆಲವರು ಆಸರೆದಾರವನ್ನೇ ತೆಗೆದುಹಾಕುತ್ತಾರೆ. ದೊಡ್ಡ ಮೀನು ಓಡಿದಾಗ ಫಲ ಉಣ್ಣುತ್ತಾರೆ. ಜಾಣರು ಎರಡೂ ತುದಿ ಸಣ್ಣಗಿರುವ ನೂಲನ್ನು ಕೊಂಡು ನಟ್ಟನಡುವೆ ಕತ್ತರಿಸಿ, ಒಂದರ್ಧವನ್ನು ರಾಟೆಗೆ ಸುತ್ತಿ, ಇನ್ನೊಂದನ್ನು ಮುಂದಿನ ವರ್ಷಕ್ಕೆಂದು ಪೆಟ್ಟಿಗೆಯಲ್ಲಿ ಇಡುತ್ತಾರೆ.